ಸುಟ್ಟ ಬದನೆ, ಕರಗಿದ ಚೀಸು: ಅಮಾಸೆಬೈಲಿನ ಬೇಸಿಗೆ ಆತಿಥ್ಯ ಸಂಕಥನದ ಒಂದು ತಾತ್ವಿಕ ನಿರಚನೆ

1. ಪೀಠಿಕೆಯ ಪೀಠಿಕೆ

ಘನವಾದ ಪ್ರಬಂಧವೊಂದು ವಿಷಯಕ್ಕೆ ಬರುವ ಮುನ್ನ, ವಿಷಯಕ್ಕೆ ಬರುವುದು ಎಷ್ಟು ಕಷ್ಟ ಎಂಬುದನ್ನು ನಾಲ್ಕು ಪುಟ ವಿವರಿಸಬೇಕೆಂಬ ಸಂಪ್ರದಾಯವಿದೆ. ಕಾಗದದ ಬೆಲೆ ನೋಡಿ ನಾನು ಅದನ್ನು ಒಂದೇ ವಾಕ್ಯಕ್ಕೆ ಇಳಿಸಿದ್ದೇನೆ: ಸಮಕಾಲೀನ ಸಂದರ್ಭದ ಬಹುಮುಖೀ ಸ್ಥಿತ್ಯಂತರಗಳ ಪರಿಪ್ರೇಕ್ಷ್ಯದಲ್ಲಿ, ಬೇಸಿಗೆಯಲ್ಲಿ ಮನೆಗೆ ಬಂದವರಿಗೆ ಊಟಕ್ಕೆ ಮೊದಲು ಕೊಡುವ ಸುಟ್ಟ ತರಕಾರಿಯನ್ನೂ ಚೀಸನ್ನೂ ನಾವು ಹೇಗೆ 'ಓದಬೇಕು'? ತಿನ್ನಬಹುದಲ್ಲ ಎಂದು ಯಾರಾದರೂ ಕೇಳಿದರೆ ಅವರು ವಿದ್ವತ್ ವಲಯದವರಲ್ಲ ಎಂದು ತಿಳಿಯಬೇಕು.

ಅಧ್ಯಯನದ ವ್ಯಾಪ್ತಿ: ಕುಂದಾಪುರ ಸೀಮೆಯಲ್ಲಿ ಘಟ್ಟದ ಬುಡದ ಅಮಾಸೆಬೈಲು, ಮಚ್ಚಟ್ಟು, ರಟ್ಟಾಡಿ. ಅಧ್ಯಯನದ ಮಿತಿ: ನಮ್ಮ ದೊಡ್ಡಮ್ಮನ ಮನೆಯ ಬಚ್ಚಲ ಒಲೆ. ಅವಧಿ: ಏಪ್ರಿಲ್ ತಿಂಗಳ ಒಂದು ಸಂಜೆ, ಐದು ಗಂಟೆಯಿಂದ ಕೆಂಡ ಆರುವ ತನಕ.

ಸ್ಥಳನಾಮದ ಬಗ್ಗೆ ನಾಲ್ಕು ಮಾತು ಹೇಳದ ಪ್ರಬಂಧವನ್ನು ಯಾರೂ ಮುಟ್ಟುವುದಿಲ್ಲ. ಅಮಾಸೆ ಎಂದರೆ ಅಮಾವಾಸ್ಯೆ. ಬೈಲು ಎಂದರೆ ಗುಡ್ಡಗಳ ನಡುವಿನ ಗದ್ದೆಯ ತಗ್ಗು. ಇಂಥ ಕತ್ತಲ ಹೆಸರಿನ ಊರಿನ ಮನೆಗಳಿಗೆ ಎ.ಜಿ. ಕೊಡ್ಗಿಯವರ ಮುಂದಾಳುತನದಲ್ಲಿ ಸೋಲಾರ್ ದೀಪ ಬಂತು. ಹೆಸರಿಗೂ ಬೆಳಕಿಗೂ ನಡುವಿನ ಈ 'ದ್ವಂದ್ವಾತ್ಮಕ ಒಳಸಂಘರ್ಷ'ದ ಮೇಲೆ ಯಾರಾದರೂ ಪಿಎಚ್‌ಡಿಗೆ ಕೂರುವ ಮೊದಲೇ ಮುಂದಿನ ಅಧ್ಯಾಯಕ್ಕೆ ಹೋಗುವುದು ಕ್ಷೇಮ.

2. ಪಾರಿಭಾಷಿಕ ಸಂಕಟ

'ಅಪಟೈಜರ್' ಎಂಬುದಕ್ಕೆ ಕನ್ನಡದಲ್ಲಿ ಪದವಿಲ್ಲ ಎಂದು ಕೊರಗುವವರಿಗಾಗಿ ನಾನು 'ಪ್ರಾಗ್ಭೋಜನ ಕ್ಷುಧೋದ್ದೀಪಕ ಲಘುಖಾದ್ಯ' ಎಂಬ ಪದಪುಂಜವನ್ನು ಕಟ್ಟಿದ್ದೇನೆ. ಅನುಕೂಲಕ್ಕಾಗಿ ಇನ್ನು ಮುಂದೆ 'ಪ್ರಾಕ್ಷುಲಖಾ' ಎನ್ನಲಾಗುವುದು. ಇದನ್ನು ದೊಡ್ಡಮ್ಮನ ಮುಂದೆ ಎರಡು ಸಲ ಉಚ್ಚರಿಸಿದೆ. ಕೆಮ್ಮು ಹಿಡಿದಿದೆ ಎಂದುಕೊಂಡು ಅವರು ಕಾಳುಮೆಣಸಿನ ಕಷಾಯ ಕುದಿಸಿದರು.

ಪದವಿಲ್ಲದ್ದಕ್ಕೆ ಕಾರಣ ಇದೆ. ಹಸಿವೆಯನ್ನು ಕೆರಳಿಸುವ ವಸ್ತು ಬೇಕಾಗುವುದು ಹಸಿವೆ ಇಲ್ಲದವರಿಗೆ. ಮೇ ತಿಂಗಳ ಬಿಸಿಲಲ್ಲಿ ಬಸ್ಸಿಳಿದು, ಗದ್ದೆಯ ಅಂಚು ಹಿಡಿದು, ತೋಟ ದಾಟಿ ಬಂದ ನೆಂಟನಿಗೆ ಅದು ಮೊದಲೇ ಕೆರಳಿ ನಿಂತಿರುತ್ತಿತ್ತು. ಅದನ್ನು ಊಟದ ತನಕ ಸಮಾಧಾನದಲ್ಲಿ ಇಡುವುದೇ ಮನೆಯವರ ಕೆಲಸ. 'ಹ್ವಾಯ್, ಬನ್ನಿ, ಕೂಕಣಿ' ಎಂದು ಕರೆದು ಮೊದಲು ಬೆಲ್ಲ, ನೀರು. ಆಮೇಲೆ ಮಜ್ಜಿಗೆಯೋ ಪುನರ್ಪುಳಿ ಶರಬತ್ತೋ. ಅದರ ಜೊತೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಗೇರುಬೀಜ ಬಿದ್ದ ಕಾಲವಾದರೆ ಅಂಗಳದ ಮೂಲೆಯಲ್ಲಿ ಸುಟ್ಟು ಒಡೆದ ಬೀಜ. ಅದರ ಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಚರ್ಮ ಏಳುತ್ತದೆ. ಹಪ್ಪಳಕ್ಕೆ 'ಸ್ಟಾರ್ಟರ್' ಎಂಬ ಹೆಸರು ಗೊತ್ತಿರಲಿಲ್ಲ, ಆದರೂ ಅದು ಮುರಿಯುತ್ತಿತ್ತು.

3. ಅತಿಥಿಗಳ ಸಪ್ತವಿಧ ವರ್ಗೀಕರಣ

ಬೇಸಿಗೆಯ ಅತಿಥಿಗಳು ಏಳು ವಿಧ.

(ಅ) ಋತುಚಕ್ರಾವರ್ತಿ: ಶಾಲೆಗೆ ರಜೆ ಬಿದ್ದೊಡನೆ ಬೆಂಗಳೂರಿನಿಂದ ಬರುವವನು. ಹೆಚ್ಚಾಗಿ ಹೋಟೆಲಿನವನು. ಅಲ್ಲಿ ವರ್ಷವಿಡೀ ಊರಿಗೆಲ್ಲ ದೋಸೆ ಹೊಯ್ದು, ಇಲ್ಲಿ ಬಂದು ಗಂಜಿ ಉಪ್ಪಿನಕಾಯಿ ಕೇಳುತ್ತಾನೆ. ಕೊಟ್ಟರೆ ಅವನ ಮಕ್ಕಳು ಚೀಸ್ ಕೇಳುತ್ತವೆ.

(ಆ) ಪ್ರದರ್ಶನಾನುಷಂಗಿ: ಹರಕೆಯ ಯಕ್ಷಗಾನ ಆಟಕ್ಕೆ ಬರುವವನು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯ ಮೇಳಗಳು ಮಳೆ ಹಿಡಿಯುವ ತನಕ ತಿರುಗಾಟದಲ್ಲಿರುತ್ತವೆ. ಇವನು ಸಂಜೆ ತಿಂದು, ರಾತ್ರಿ ಉಂಡು, ಚೌಕಿಯ ಹತ್ತಿರ ಚಾ ಕುಡಿದು, ಬೆಳಗ್ಗೆ ಮಂಗಳ ಹಾಡುವ ಹೊತ್ತಿಗೆ ಮತ್ತೆ ಹಸಿದಿರುತ್ತಾನೆ. ಇವನಿಗೆ ಯಾವ ಉದ್ದೀಪನವೂ ಬೇಡ.

(ಇ) ಕ್ಷೇತ್ರಕಾರ್ಯನಿರತ: ರೆಕಾರ್ಡರ್ ಹಿಡಿದು ಬರುವವರು. ಇವರ ವಿಚಾರ ಆಮೇಲೆ ಬರುತ್ತದೆ.

(ಈ)ಯಿಂದ (ಋ) ತನಕದವರು ನಾನು ಮೊದಲ ಮೂವರನ್ನು ವಿವರಿಸುವಷ್ಟರಲ್ಲಿ ಊಟ ಮುಗಿಸಿ ಹೋದರು. ಕಾದು ಕುಳಿತ ಹಸಿದವನನ್ನು ವರ್ಗೀಕರಿಸುವುದು ಅಸಭ್ಯ ಎಂದು ನನಗೂ ಅನ್ನಿಸಿದ್ದರಿಂದ ಇದನ್ನು ಇಲ್ಲಿಗೆ ಬಿಡುತ್ತೇನೆ.

4. ಪೂರ್ವಸೂರಿಗಳ ಸಮೀಕ್ಷೆ

ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಹಾಲನ್ನು ಹುಳಿಯಿಂದ ಒಡೆದು, ಗಟ್ಟಿಯನ್ನು ತೆಗೆದು ತಿಂಡಿ ಮಾಡುವ ಕ್ರಮ ಇದೆ. ಸುಮಾರು 1508ರ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಬದನೆಗೆಂದೇ ಷಟ್ಪದಿಯಲ್ಲಿ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಬದನೆಯ ಮೇಲೆ ಅಷ್ಟು ಪ್ರೀತಿ ಇದ್ದವರು ನಮ್ಮಲ್ಲಿ ಇದ್ದರು. ಅವರು ಅದನ್ನು 'ಪಠ್ಯ' ಎನ್ನಲಿಲ್ಲ.

ಆದರೆ ಫ್ರಾನ್ಸಿನವರ ಹೆಸರಿಲ್ಲದೆ ಪ್ರಬಂಧ ಬೇಯುವುದಿಲ್ಲವಲ್ಲ. ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ 1965ರಲ್ಲಿ ಪಾಕತ್ರಿಕೋನವೊಂದನ್ನು ಮುಂದಿಟ್ಟ: ಹಸಿ, ಬೆಂದದ್ದು, ಕೊಳೆತದ್ದು. ಬೇಯಿಸಿದ್ದು ಒಳಮನೆಯವರಿಗೆ, ಸುಟ್ಟದ್ದು ಹೊರಗಿನ ಅತಿಥಿಗೆ ಎಂಬುದು ಅದರ ಒಂದು ಮಾತು. ಈ ಸಿದ್ಧಾಂತವನ್ನು ದೊಡ್ಡಮ್ಮನ ಮುಂದೆ ಮಂಡಿಸಿದೆ. ಅವರು ಕೈಯಲ್ಲಿದ್ದ ಬದನೆಯನ್ನು ಕೆಳಗಿಟ್ಟರು.

'ನೆಂಟ್ರಿಗೆ ಸುಟ್ಟದ್ ಕೊಡುದಾ? ಮರ್ಯಾದಿ ಇತ್ತಾ ನಿಂಗೆ?'

ಅಲ್ಲಿಗೆ ತ್ರಿಕೋನದ ಒಂದು ಮೂಲೆ ಮುರಿಯಿತು. ಊಟಕ್ಕೆ ಮೊದಲಿನ ಹಪ್ಪಳ, ಗೇರುಬೀಜದ ಮಾತು ಬೇರೆ; ನಮ್ಮಲ್ಲಿ ಬಂದವರಿಗೆ ಎಲೆಯಲ್ಲಿ ಬಡಿಸುವುದು ಬೇಯಿಸಿದ ಹುಳಿ, ಕುದಿಸಿದ ಪಾಯಸ. ಸುಟ್ಟ ಬದನೆ ಮನೆಮಂದಿಯದು. ತರಕಾರಿ ಮುಗಿದ ದಿನ, ಜಡಿಮಳೆಯ ದಿನ, ಬೇರೆ ಯಾರೂ ಇಲ್ಲದ ದಿನ ಅದು ಎಲೆಗೆ ಬರುತ್ತಿತ್ತು. ಘಟ್ಟದ ಮೇಲಿನವರು ಬಜ್ಜಿ ಎನ್ನುತ್ತಾರೆ, ನಾವು ಗೊಜ್ಜು ಎನ್ನುತ್ತೇವೆ. ಅದನ್ನು ಅತಿಥಿಯ ಮುಂದಿಡಲು ನಾಚುತ್ತಿದ್ದರು. ಈಗ ಅದೇ ಪಟ್ಟಣದ ಕರಿಕಲ್ಲಿನ ತಟ್ಟೆಯಲ್ಲಿ, ಎರಡು ಚಮಚದಷ್ಟು, ಹೊಗೆಯ ಪರಿಮಳದ ಹೆಸರು ಹೊತ್ತು ಕುಳಿತಿದೆ. ನಾಚಿಕೆ ಬಿಟ್ಟದ್ದು ಬದನೆಯಲ್ಲ, ಬೆಲೆ.

5. ಗಿಣ್ಣಿನ ಸಮಸ್ಯೆ

ಚೀಸಿಗೆ ಕನ್ನಡ ಅನುವಾದಗಳಲ್ಲಿ 'ಗಿಣ್ಣು' ಎಂಬ ಪ್ರಯೋಗ ಕಾಣಸಿಗುತ್ತದೆ. ಭಾಷಾಂತರಕಾರರು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಆದರೆ ಗಿಣ್ಣು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಹಟ್ಟಿಯಲ್ಲಿ ದನ ಕರು ಹಾಕಬೇಕು. ಕರು ಕುಡಿದು ಉಳಿದ ಮೊದಲೆರಡು ದಿನದ ದಪ್ಪ ಹಳದಿ ಹಾಲಿಗೆ ಬೇರೆ ಹಾಲು, ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ. ಹುಳಿಯೂ ಬೇಡ, ಹೆಪ್ಪೂ ಬೇಡ. ಆ ಹಾಲಿನ ಪ್ರೋಟೀನು ಬಿಸಿಗೇ ಹೆಪ್ಪುಗಟ್ಟುವ ಜಾತಿಯದು. ಅದನ್ನು ಯಾರೂ ಸುಡುವುದಿಲ್ಲ. ಅದು ಉಳಿದಿದ್ದರಲ್ಲವೆ ಸುಡುವುದು.

ಆದ್ದರಿಂದ ಈ ಪ್ರಬಂಧದಲ್ಲಿ ಚೀಸ್ ಎಂದರೆ ಚೀಸ್, ಪನೀರ್ ಎಂದರೆ ಪನೀರ್. ಎರಡೂ ಪೇಟೆಯಿಂದ ತೋಟದ ದಾರಿ ಹಿಡಿದು ಬಂದವು.

6. ಪ್ರಯೋಗ

ತಮ್ಮನ ಮಗಳು ಬೆಂಗಳೂರಿನಿಂದ ಕರೆಂಟಿನ ಗ್ರಿಲ್ ಹೊತ್ತು ತಂದಿದ್ದಳು. ದೊಣ್ಣೆಮೆಣಸು, ಈರುಳ್ಳಿ, ಪನೀರು, ಚೀಸು ಎಲ್ಲವನ್ನೂ ಒಂದೇ ಅಳತೆಗೆ ಹೆಚ್ಚಿ, ಪ್ಲಗ್ ಹಾಕಿದಳು. ಕರೆಂಟು ಹೋಯಿತು. ಪಕ್ಕದ ಹೊಸಂಗಡಿಯ ನೆಲದಡಿಯಲ್ಲಿ 460 ಮೆಗಾವ್ಯಾಟ್‌ನ ವಾರಾಹಿ ವಿದ್ಯುದಾಗಾರ ಇದೆ ಎಂಬುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇನೆ. ಸೋಲಾರ್ ದೀಪ ಉರಿಯಿತು. ಅದರಲ್ಲಿ ಗ್ರಿಲ್ ಆಗುವುದಿಲ್ಲ.

ಉಳಿದದ್ದು ಬಚ್ಚಲ ಒಲೆ. ಗೆರಟೆ ಉರಿದು ಕೆಂಡವಾಗಿತ್ತು. ಹಸಿ ಮಡಲಿನಿಂದ ಸೀಳಿದ ಕಡ್ಡಿಗೆ ಹೋಳುಗಳನ್ನು ಪೋಣಿಸಿ ಕೆಂಡದ ಮೇಲೆ ಅಡ್ಡ ಹಿಡಿದೆವು. ಚೀಸು ಒಂದು ನಿಮಿಷ ಗಾಂಭೀರ್ಯದಿಂದ ಕುಳಿತು, ಬೆವರಿ, ಸೊಂಟ ಬಾಗಿ, ಬೂದಿಗೆ ಬಿತ್ತು. ಪನೀರು ಅಂಚು ಕಂದಿ ಹಾಗೇ ನಿಂತಿತು. ಕಾರಣ ಇಷ್ಟೇ: ಹುಳಿ ಹಾಕಿ ಒಡೆದಾಗ ಹಾಲಿನ ಕ್ಯಾಲ್ಸಿಯಂ ಒಂದಷ್ಟು ನೀರಿನ ಜೊತೆ ಹೋಗುತ್ತದೆ, ಉಳಿದ ಪ್ರೋಟೀನು ಗಟ್ಟಿಯಾಗಿ ತಬ್ಬಿಕೊಂಡು ಕರಗುವುದನ್ನೇ ಮರೆಯುತ್ತದೆ. ಬೆಕ್ಕಿಗೆ ಈ ವಿವರಣೆ ಬೇಕಾಗಲಿಲ್ಲ. ಬೂದಿ ಆರುವುದನ್ನು ಕಾದು ಕುಳಿತಿತ್ತು.

ದೊಡ್ಡಮ್ಮ ಅಷ್ಟರಲ್ಲಿ ಮಾತಾಡದೆ ಎರಡು ಗುಳ್ಳ ಬದನೆಯನ್ನು ಕೆಂಡದ ಬದಿಗೆ ನೂಕಿದ್ದರು. ಮಟ್ಟುವಿನ ಗುಳ್ಳ, 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು, ವಾದಿರಾಜರು ಬೀಜ ಕೊಟ್ಟದ್ದೆಂಬ ಐತಿಹ್ಯ ಇರುವುದು. ಸುಡುವ ಮುಂಚೆ ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ ಹುಳ ಇದೆಯೇ ನೋಡಿ, ತೆಂಗಿನೆಣ್ಣೆ ಸವರಿದರು. ಒಂದು ಬದಿ ಕಪ್ಪಾಗುತ್ತಲೇ ತೊಟ್ಟು ಹಿಡಿದು ತಿರುಗಿಸಿದರು. ಇಕ್ಕಳ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಸಿಪ್ಪೆ ಒಡೆದು ಒಳಗಿನ ಹಬೆ ಸುಯ್ ಎಂದು ಹೊರಟಿತು. ತಣಿದ ಮೇಲೆ ಸಿಪ್ಪೆ ಸುಲಿದು, ಜೊತೆಗೆ ಸುಟ್ಟ ಹಸಿಮೆಣಸು, ಉಪ್ಪು, ಉಗುರಷ್ಟು ಬೆಲ್ಲ ಹಾಕಿ ಕೈಯಲ್ಲೇ ನುರಿದು, ತುರಿದ ಮಾವಿನಕಾಯಿ ಸೇರಿಸಿ, ಸಾಸಿವೆಯ ಒಗ್ಗರಣೆ ಬಿಟ್ಟರು. ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಮುರಿದ ಹಪ್ಪಳದ ಮೇಲೆ ಗೊಜ್ಜು, ಅದರ ಮೇಲೆ ಅಂಚು ಕಂದಿದ ಪನೀರಿನ ತುಂಡು: ಪ್ರಾಕ್ಷುಲಖಾ ಸಿದ್ಧ.

ತಮ್ಮನ ಮಗಳು ಐದು ತಿಂದಳು. ದೊಡ್ಡಮ್ಮ ಪನೀರನ್ನು ಬೆರಳಲ್ಲಿ ಒತ್ತಿ, 'ರಬ್ರ್ ಹಾಂಗಿತ್ತ್' ಎಂದರು. ಆಮೇಲೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಬಿಟ್ಟು 'ಅಡ್ಡಿಲ್ಲೆ' ಎಂದರು. ಕುಂದಾಪ್ರ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

7. ಶೀರ್ಷಿಕೆ ಕೊಡಲು ಮನಸ್ಸಿಲ್ಲದ ಅಧ್ಯಾಯ

(ಇ) ವರ್ಗದ ಅತಿಥಿಯ ಮಾತು ಬಾಕಿ ಇದೆ.

ಕೆಲವು ವರ್ಷಗಳ ಹಿಂದೆ ಒಬ್ಬರು ವಿದ್ವಾಂಸರು ಆಹಾರ ಸಂಸ್ಕೃತಿಯ ಅಧ್ಯಯನಕ್ಕೆಂದು ಮನೆಗೆ ಬಂದಿದ್ದರು. ಮಧ್ಯಾಹ್ನ ಉಂಡರು, ಸಂಜೆ ಹಪ್ಪಳ ತಿಂದರು, ಗೊಜ್ಜು ಮಾಡಿಸಿ ಫೋಟೋ ಹಿಡಿದರು. ಆಮೇಲೆ ಒಂದು ವಿಚಾರ ಸಂಕಿರಣದಲ್ಲಿ ಅವರ ಮಂಡನೆ ಕೇಳಲು ನಾನೂ ಹೋದೆ. ಊಟ ಎರಡೂವರೆಗೆ, ಅದೂ ತಣ್ಣಗಾಗಿತ್ತು. ಅವರು 'ಅಡುಗೆಮನೆಯ ಅಂಚಿನ ಅಸ್ಮಿತೆ', 'ಹೊಗೆಯ ಸೌಂದರ್ಯಮೀಮಾಂಸೆ', 'ಒಲೆಯ ಅಳಿವು ಎಂಬ ಸಾಂಸ್ಕೃತಿಕ ಆಘಾತ' ಎಂದೆಲ್ಲ ನಲವತ್ತು ನಿಮಿಷ ಹೇಳಿದರು. ಕೊನೆಗೆ ಪರದೆಯ ಮೇಲೆ ದೊಡ್ಡಮ್ಮನ ಕೈ ಬಂತು. ಮುಖ ಇರಲಿಲ್ಲ. ಕೆಳಗೆ ಬರೆದಿತ್ತು: 'ಮಾಹಿತಿದಾರೆ. ಸ್ತ್ರೀ. ಎಪ್ಪತ್ತಕ್ಕೆ ಮೇಲ್ಪಟ್ಟ ವಯಸ್ಸು. ತನ್ನ ಅಡುಗೆಯ ಸೈದ್ಧಾಂತಿಕ ಆಯಾಮಗಳ ಅರಿವಿಲ್ಲ.'

ಅರಿವಿಲ್ಲ! ಎಷ್ಟು ಕೆಂಡಕ್ಕೆ ಎಷ್ಟು ದೂರ ಎಂಬುದು ಆ ಬೆರಳಿಗೆ ಗೊತ್ತು. ಹಬೆಯ ಸದ್ದು ಕೇಳಿ ತಿರುಳು ಬೆಂದಿದೆ ಎಂದು ಹೇಳುವ ಕಿವಿ ಅದು. ಆ ಕೈಯ ಬೆರಳ ತುದಿಯಲ್ಲಿ ಗೆರೆಗಳು ಮಾಸಿವೆ. ಗೇರುಬೀಜದ ಎಣ್ಣೆ, ಒಲೆಯ ಕಾವು, ಅರವತ್ತು ವರ್ಷದ ಬಿಸಿ ಪಾತ್ರೆ. ಅದನ್ನು ಪರದೆಯ ಮೇಲೆ ಎರಡಾಳೆತ್ತರ ದೊಡ್ಡದು ಮಾಡಿ ತೋರಿಸಿ, ಅರಿವಿಲ್ಲ ಎಂದು ಬರೆದು, ಚಪ್ಪಾಳೆ ತೆಗೆದುಕೊಂಡು ಹೋಗುವುದಕ್ಕೆ ಎಂಥ ಸಿದ್ಧಾಂತ ಬೇಕು? ಉಂಡ ಮನೆಯ ಬಗ್ಗೆ ಹೀಗೆ ಬರೆಯುವವರನ್ನು ನಮ್ಮ ಊರಲ್ಲಿ ಏನೆನ್ನುತ್ತಾರೆಂದು ಸಂಪಾದಕರು ಅಚ್ಚು ಹಾಕಲಾರರು.

ಮನೆಗೆ ಬಂದು ಹೇಳಿದೆ: ನಿನ್ನ ಒಲೆ ಅಳಿಯುತ್ತಿದೆಯೆಂದು ಅವರಿಗೆ ಬಹಳ ಬೇಸರವಂತೆ. ಹೋದ ವರ್ಷ ಮಾಡಿನ ಮೇಲೆ ಸೋಲಾರ್ ಹೀಟರ್ ಬಂದಾಗ ಆ ಮಾತು ನೆನಪಾಗಿ ದೊಡ್ಡಮ್ಮ ನಕ್ಕರು.

'ಹೊಗಿ ಕುಡ್ದದ್ದ್ ನಾನ್. ಬೇಜಾರ್ ಅವರಿಗಾ?'

8. ಉಪಸಂಹಾರ

ಆ ಮಾತು ನನಗೂ ತಾಗಿತು. ಬಚ್ಚಲ ಒಲೆಯ ಬಗ್ಗೆ ಎರಡು ಪುಟ ಕಣ್ಣೀರು ಬರೆಯಲು ನಾನೂ ಸಿದ್ಧನಾಗಿದ್ದೆ. ಊದುಗೊಳವೆ ಹಿಡಿದು ಕೆಮ್ಮಿದ್ದು ನಾನಲ್ಲ. ಈಗ ಒಲೆ ಹೊತ್ತುವುದು ನೆಂಟರು ಬಂದ ದಿನ ಮಾತ್ರ; ದೊಡ್ಡಮ್ಮನ ಕಣ್ಣುರಿ ಕಡಿಮೆಯಾಗಿದೆ, ರಾತ್ರಿ ನಿದ್ದೆ ಹತ್ತುತ್ತದೆ. ಹೊಗೆ ಹೋದದ್ದು ಒಳ್ಳೆಯದೇ. ಹೋಗಬಾರದಿತ್ತು ಅನ್ನಿಸುವುದು ಬೇರೆಯೇ ಒಂದು. ಹತ್ತು ಜನ ಸಾಲಾಗಿ ಮಲಗುತ್ತಿದ್ದ ಚಾವಡಿಯಲ್ಲಿ ಈಗ ವರ್ಷಕ್ಕೆ ಹನ್ನೊಂದು ತಿಂಗಳು ಒಂದೇ ಚಾಪೆ. ಮೇ ತಿಂಗಳಲ್ಲಿ ಹಾಸುವ ಉಳಿದ ಚಾಪೆಗಳನ್ನು ಅವರು ಏಪ್ರಿಲ್ ಮೊದಲ ವಾರವೇ ಬಿಸಿಲಿಗೆ ಹಾಕುತ್ತಾರೆ. ಬಂದವರು ಎರಡು ದಿನ ಇದ್ದು, ಮೂರನೆಯ ದಿನ ಕಡಲ ತೀರದ ರೆಸಾರ್ಟಿಗೆ ಹೊರಡುತ್ತಾರೆ. ಅಲ್ಲಿ ಸುಟ್ಟ ಬದನೆ ಸಿಗುತ್ತದಂತೆ.

ಈ ಪ್ರಬಂಧಕ್ಕೂ ಒಂದು ದೋಷ ಇದೆ. ಇಷ್ಟು ಸಿಟ್ಟು ಮಾಡಿದ ನಾನೂ ದೊಡ್ಡಮ್ಮನ ಹೆಸರು ಬರೆದಿಲ್ಲ. ಬರೆಯಲೇ ಎಂದು ಕೇಳಿದ್ದೆ. ಹಪ್ಪಳದ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ ಅವರು ಹೇಳಿದ್ದು ಇಷ್ಟು:

'ನನ್ನ ಹೆಸ್ರ್ ಎಂತಕೆ, ಮಗಾ? ಬಪ್ಪುಕ್ ಹೇಳ್.'

ಹೇಳಿದ್ದೇನೆ. ಬನ್ನಿ. ಮಳೆ ಹಿಡಿಯುವ ಮೊದಲು ಬಂದರೆ ಹಪ್ಪಳ ಗರಿಗರಿ ಇರುತ್ತದೆ. ತಿಂದ ಬಟ್ಟಲನ್ನು ನೀವೇ ತೊಳೆದಿಡಿ, ಹೊರಡುವ ಮುಂಚೆ ಅವರ ಹೆಸರನ್ನು ಅವರಿಂದಲೇ ಕೇಳಿಕೊಳ್ಳಿ.