ಗುಡುಗು ನಿಲ್ಲುವ ತನಕ ಮಾತಾಡಿ

ಶಿಕಾಗೊದ ಕನ್ನಡ ತರಗತಿಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ,

ಏಪ್ರಿಲ್ ಬಂತೆಂದರೆ ನಮ್ಮ ಭಾನುವಾರದ ತರಗತಿ ಅರ್ಧ ಖಾಲಿ. ಮಕ್ಕಳು ಬೇಸ್‌ಬಾಲ್ ಮೈದಾನದಲ್ಲಿರುತ್ತಾರೆ. ನಿಮ್ಮಲ್ಲಿ ಹಲವರು ಫೋನ್ ಮಾಡಿ, "ಮೇಷ್ಟ್ರೇ, ಈ ಸೀಸನ್ ಒಂದು ಮುಗೀಲಿ, ಆಮೇಲೆ ಕಳಿಸ್ತೀವಿ" ಎಂದು ಸಂಕೋಚಪಡುತ್ತೀರಿ. ಸಂಕೋಚ ಬೇಡ, ಆಡಲಿ. ನನ್ನ ಚಿಂತೆ ಬೇರೆ. ಆಟಕ್ಕೆ ಹೋಗುವಾಗ, ಆಟ ಮುಗಿಸಿ ಬರುವಾಗ ನೀವು ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೀರಿ?

ಕಾಗುಣಿತ, ಒತ್ತಕ್ಷರ ನಾನು ಕಲಿಸುತ್ತೇನೆ. ದಸರಾ ಬಗ್ಗೆ ಐದು ವಾಕ್ಯ ಬರೆಯಿರಿ ಎಂದರೆ ನಮ್ಮ ಮಕ್ಕಳು ತಪ್ಪಿಲ್ಲದೆ ಬರೆಯುತ್ತಾರೆ. ಅದೇ ಮಗುವನ್ನು "ನಿನ್ನೆ ಮ್ಯಾಚ್ ಏನಾಯ್ತೋ?" ಎಂದು ಕೇಳಿದರೆ ಎರಡನೇ ಮಾತಿಗೇ ಇಂಗ್ಲಿಷಿಗೆ ಜಾರುತ್ತದೆ. ಕನ್ನಡ ಹಬ್ಬಕ್ಕೆ ಮಾತ್ರ ಎಂದಾಗಿಬಿಟ್ಟರೆ, ವರ್ಷಕ್ಕೆರಡು ಸಲ ಬೀರುವಿನಿಂದ ಹೊರಬರುವ ಜರಿ ಪಂಚೆಯ ಗತಿಯೇ ಅದಕ್ಕೂ.

ಹರಟೆಗೆ ಬೇಸ್‌ಬಾಲಿನಷ್ಟು ಒದಗುವ ಆಟ ಕಡಿಮೆ. 2023ರಲ್ಲಿ ಚೆಂಡೆಸೆತಕ್ಕೆ ಗಡುವು ಹಾಕುವ ಪಿಚ್ ಕ್ಲಾಕ್ ಬಂದು ಆಟ ಚುರುಕಾದರೂ ಎರಡೂವರೆ ಗಂಟೆಗೆ ಮೋಸವಿಲ್ಲ. ನಮ್ಮ ಕಬ್ಸ್ ತಂಡದ ಮೈದಾನ ರಿಗ್ಲಿ ಫೀಲ್ಡಿನಲ್ಲಂತೂ ಗಾಳಿ ಯಾವ ಕಡೆಗೆಂದು ಮೊದಲು ಬಾವುಟ ನೋಡಬೇಕು. ಮಿಷಿಗನ್ ಸರೋವರದ ಕಡೆಯಿಂದ ಗಾಳಿ ಒಳಕ್ಕೆ ಬೀಸಿದರೆ ಹೋಮ್ ರನ್ ಆಗಬೇಕಾದ ಚೆಂಡು ಫೀಲ್ಡರ್ ಕೈಗೆ ಬೀಳುತ್ತದೆ. ಹೊರಕ್ಕೆ ಬೀಸಿದರೆ? 1979ರ ಮೇ 17ರಂದು ಫಿಲಡೆಲ್ಫಿಯಾ 23, ಕಬ್ಸ್ 22! 1988ರ ಆಗಸ್ಟ್ 8ರಂದು ಅಲ್ಲಿ ಮೊಟ್ಟಮೊದಲ ಬಾರಿಗೆ ದೀಪದ ಬೆಳಕಿನಲ್ಲಿ ಕಬ್ಸ್ ಆಟ ಇಟ್ಟರು. ನಾಲ್ಕು ಇನಿಂಗ್ಸ್ ತುಂಬುವ ಮೊದಲೇ ಮಳೆ ಸುರಿದು ಆಟವೇ ರದ್ದಾಯಿತು.

ಮಕ್ಕಳಿಗೆ ಬೇಕಾದ ಸುದ್ದಿ ಇಂಥವು. 1983ರಲ್ಲಿ ಟೊರಾಂಟೊದಲ್ಲಿ ಯಾಂಕೀಸ್ ತಂಡದ ಡೇವ್ ವಿನ್‌ಫೀಲ್ಡ್ ಎಸೆದ ಚೆಂಡು ತಗುಲಿ ಕಡಲಹಕ್ಕಿಯೊಂದು ಸತ್ತಿತು. ಆಟ ಮುಗಿದ ಮೇಲೆ ಪೊಲೀಸರು ಅವರನ್ನು ಠಾಣೆಗೇ ಕರೆದೊಯ್ದರು. ಕೇಸು ಆಮೇಲೆ ಬಿದ್ದುಹೋಯಿತು. 2024ರ ಏಪ್ರಿಲ್‌ನಲ್ಲಿ ಫೀನಿಕ್ಸ್‌ನಲ್ಲಿ ಹೋಮ್ ಪ್ಲೇಟ್ ಹಿಂದಿನ ಬಲೆಗೆ ಜೇನು ಕೂತು ಆಟ ಸುಮಾರು ಎರಡು ಗಂಟೆ ತಡವಾಯಿತು. ಜೇನು ತೆಗೆಯಲು ಬಂದವರ ಕೈಯಿಂದಲೇ ಶಾಸ್ತ್ರದ ಮೊದಲ ಚೆಂಡು ಎಸೆಸಿದರು. ತರಗತಿಯಲ್ಲಿ ಈ ಕಥೆ ಹೇಳಿದಾಗ, ಸದಾ ಹಿಂದಿನ ಸಾಲಿನಲ್ಲಿ ಮುದುಡಿ ಕೂರುವ ಹುಡುಗನೊಬ್ಬ ಎದ್ದು ನಿಂತ. "ಮೇಷ್ಟ್ರೇ, ರಾಣಿ ಜೇನು ಎಲ್ಲಿತ್ತು?" ಅವನ ದನಿ ಅಷ್ಟು ಗಟ್ಟಿಯಾಗಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

ಮಕ್ಕಳ ಆಟದಲ್ಲಿ ಗುಡುಗು ಕೇಳಿಸಿದರೆ ಎಲ್ಲರೂ ಕಾರಿಗೆ ಓಡಬೇಕು. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು. ನಡುವೆ ಮತ್ತೆ ಗುಡುಗಿದರೆ ಲೆಕ್ಕ ಮೊದಲಿನಿಂದ. ಆ ಹೊತ್ತಿನಲ್ಲಿ ನಿಮ್ಮ ಕಾರುಗಳನ್ನು ನೋಡಿದ್ದೇನೆ: ಮುಂದಿನ ಸೀಟಿನಲ್ಲೊಂದು ಫೋನು, ಹಿಂದಿನ ಸೀಟಿನಲ್ಲೊಂದು ಫೋನು. ನಾನು ಕೇಳುತ್ತಿರುವುದು ಆ ಅರ್ಧ ಗಂಟೆಯನ್ನು. ನಿಮ್ಮೂರಿನ ಮುಂಗಾರಿನಲ್ಲಿ ಕ್ರಿಕೆಟ್ ನಿಂತಾಗ ಯಾರ ಮನೆ ಜಗಲಿಗೆ ಓಡುತ್ತಿದ್ದಿರಿ, ಹೇಳಿ. ತಾನು ಹೇಗೆ ಔಟಾದೆ ಎಂದು ಮಗು ಹೇಳಲಿ. ಪಿಚರ್, ಸ್ಟ್ರೈಕ್ ಅಂದರೆ ಅನ್ನಲಿ, ನಡುವೆ ಬಾಯಿ ಹಾಕಿ ತಿದ್ದಬೇಡಿ.

ಮಳೆಯಲ್ಲಿ ಆಡಿದ ಮಾತಿಗೆ ಈ ಊರಿನಲ್ಲಿ ಬೆಲೆಯಿದೆ. 2016ರ ವರ್ಲ್ಡ್ ಸೀರೀಸ್, ಕ್ಲೀವ್‌ಲ್ಯಾಂಡಿನಲ್ಲಿ ಏಳನೇ ಆಟ, 6-6 ಸಮ. ಮಳೆಗೆ ಆಟ ನಿಂತದ್ದು 17 ನಿಮಿಷ. ಜೇಸನ್ ಹೇವರ್ಡ್ ಕಬ್ಸ್ ಹುಡುಗರನ್ನೆಲ್ಲ ವ್ಯಾಯಾಮದ ಕೋಣೆಯಲ್ಲಿ ಸೇರಿಸಿ ಮಾತಾಡಿದರು. ಹತ್ತನೇ ಇನಿಂಗ್ಸಿನಲ್ಲಿ 8-7ರಿಂದ ಗೆದ್ದರು, 108 ವರ್ಷಗಳ ನಂತರ. ನಿಮ್ಮ ಮಕ್ಕಳಿಗೆ ಈ ಕಥೆ ಬಾಯಿಪಾಠ. ಕನ್ನಡದಲ್ಲಿ ಹೇಳು ಎಂದು ಕೇಳಿ ನೋಡಿ.

ಇನ್ನು ಮುಂದೆ ತರಗತಿಯ ಮೊದಲ ಕಾಲು ಗಂಟೆ ಪುಸ್ತಕ ತೆರೆಯುವುದಿಲ್ಲ. ವಾರದ ಆಟ, ಮಳೆ, ವಿಚಿತ್ರ ಸುದ್ದಿ, ಏನನ್ನಾದರೂ ಮಕ್ಕಳು ತಂದು ಹೇಳಬಹುದು. ಬೆಳಗ್ಗೆ ಆಟವಿದ್ದರೆ ತಡವಾಗಿಯೇ ಕಳಿಸಿ. ಜರ್ಸಿಯಲ್ಲೇ ಬರಲಿ, ಶೂ ಮಣ್ಣಾಗಿದ್ದರೂ ಚಿಂತೆಯಿಲ್ಲ.

ನಿಮ್ಮ ಮಕ್ಕಳ
ಕನ್ನಡ ಮೇಷ್ಟ್ರು