ಒಂದು ಕಟ್ಟು ಕೊತ್ತಂಬರಿಗೆ ನೂರೈವತ್ತು ಕುದುರೆ

ಸಂಸಾರಸ್ಥ ಗಂಡಸು ತನಗಾಗಿ ಏನನ್ನೂ ಕೊಳ್ಳುವುದಿಲ್ಲ. ಅವನ ಆಸೆಗಳಿಗೆಲ್ಲ ‘ಫ್ಯಾಮಿಲಿ’ ಅಂತ ಹೆಸರು. ಬನಿಯನ್ ಕೊಳ್ಳಲೂ ದೀಪಾವಳಿ ರಿಯಾಯಿತಿಗೆ ಕಾಯುವ ನಾನು, ಫ್ಯಾಮಿಲಿಗೋಸ್ಕರ ಅಂದ ತಕ್ಷಣ ಇಪ್ಪತ್ತು ಲಕ್ಷದ ಗಾಡಿಗೆ ಏಳು ವರ್ಷದ ಸಾಲ ಎತ್ತಲು ತಯಾರಾಗಿಬಿಟ್ಟೆ. ಮಧ್ಯಮ ಗಾತ್ರದ್ದು, ಡೀಸೆಲ್ಲು, ಆಟೋಮ್ಯಾಟಿಕ್ಕು, ಎಸ್‌ಯುವಿ. ನಾಲ್ಕೂ ನನ್ನ ತೀರ್ಮಾನ. ಫ್ಯಾಮಿಲಿಯನ್ನು ಕೇಳಿದ್ದು ಬಣ್ಣ ಮಾತ್ರ. ಅವರು ಕೆಂಪು ಅಂದರು, ನಾನು ಬಿಳಿ ತಂದೆ.

ಫ್ಯಾಮಿಲಿ ಅಂದರೆ ನಾಲ್ಕು ಜನ. ನಾನು, ಹೆಂಡತಿ, ಹತ್ತು ವರ್ಷದ ಮಗ, ಮಂಡಿನೋವಿನ ಅಮ್ಮ. ಮನೆ ಬನಶಂಕರಿಯ ಒಂದು ಅಡ್ಡರಸ್ತೆಯಲ್ಲಿ, 30x40 ಸೈಟು. ಹನ್ನೊಂದು ವರ್ಷದಿಂದ ತುಟಿಪಿಟಕ್ಕೆನ್ನದೆ ಓಡಿದ ಒಂದು ಪುಟ್ಟ ಕಾರೂ ಇತ್ತು. ಅದರಲ್ಲಿ ದೋಷ ಒಂದೇ: ಮದುವೆ ಛತ್ರದ ಮುಂದೆ ನಿಲ್ಲಿಸಿದರೆ, ಪಕ್ಕದ ಗಾಡಿಗಳ ನಡುವೆ ಅದು ಕಾಣಿಸುತ್ತಲೇ ಇರಲಿಲ್ಲ.

“ಭಾವ, ಡೀಸೆಲ್ ಬಿಟ್ಟು ಬೇರೆ ಮಾತೇ ಬೇಡ. ಟಾರ್ಕ್!” ಅಂದ ನನ್ನ ಭಾವಮೈದುನ. ಟಾರ್ಕ್ ಅಂದರೇನು ಅಂತ ಕೇಳಿದರೆ ಅವನು ಬಾಯಲ್ಲಿ ಹೇಳುವುದಿಲ್ಲ; ಮುಷ್ಟಿ ಕಟ್ಟಿ, ಬೆನ್ನು ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ ತೋರಿಸುತ್ತಾನೆ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದಿಕ್ಕುವಾಗ ಅದು ಗೊತ್ತಾಗುತ್ತದಂತೆ. ಮಳೆಗಾಲ ಬಂತೆಂದರೆ ಗುಡ್ಡ ಜರಿದು ಶಿರಾಡಿಯ ಬಾಗಿಲು ಮುಚ್ಚುವುದು ಮಾಮೂಲು. ಮಿಕ್ಕ ದಿನಗಳಲ್ಲಿ ನಾನು ಆ ದಾರಿ ಹಿಡಿಯುವುದು ವರ್ಷಕ್ಕೆ ಒಂದು ಸಲ, ಧರ್ಮಸ್ಥಳಕ್ಕೆ. ಆ ಒಂದು ಲಾರಿಗಾಗಿ ಟಾರ್ಕ್ ಬೇಕೇ ಬೇಕು ಅಂತ ನನಗೂ ಅನ್ನಿಸಿತು.

ಆಟೋಮ್ಯಾಟಿಕ್ ಯಾಕೆ ಅನ್ನುವುದನ್ನು ಮಾತ್ರ ಯಾರೂ ವಿವರಿಸಬೇಕಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಸಂಜೆ ಕ್ಲಚ್ ತುಳಿದವನ ಎಡಗಾಲು ಮನೆಗೆ ಬಂದು ತಾನೇ ವಿವರಿಸುತ್ತದೆ. ಅದಕ್ಕೆ ಸ್ವಯಂ ನಿವೃತ್ತಿ ಕೊಡಿಸುವುದು ನ್ಯಾಯ. ಆದರೆ ನಿವೃತ್ತಿಯಲ್ಲೂ ನಮೂನೆಗಳಿವೆ. ಎಎಂಟಿ, ಡಿಸಿಟಿ, ಟಾರ್ಕ್ ಕನ್ವರ್ಟರ್. ಮೊದಲನೆಯದು ಗೇರು ಬದಲಿಸುವಾಗ ಬಿಕ್ಕಳಿಸುತ್ತದೆ. ಎರಡನೆಯದು ಚುರುಕು; ಆದರೆ ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ತೆವಳಿಸಿದರೆ ಬಿಸಿಯೇರುತ್ತದೆ ಎಂಬ ಅಪವಾದ ಹೊತ್ತಿದೆ. ಮೂರನೆಯದು ಹಳೇ ಕಾಲದ ಹಿರಿಯರ ಹಾಗೆ. ನಿಧಾನ, ಆದರೆ ಮುನಿಸಿಲ್ಲ. ಡೀಸೆಲ್ ಎಸ್‌ಯುವಿಗಳಲ್ಲಿ ಹೆಚ್ಚಾಗಿ ಇರುವುದು ಈ ಹಿರಿಯರೇ.

ಇಷ್ಟೆಲ್ಲ ಜ್ಞಾನ ಸಂಪಾದಿಸಿ ಪೇಟೆಗಿಳಿದರೆ ಅಲ್ಲಿ ಅರ್ಧ ಅಂಗಡಿ ಮುಚ್ಚಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ಲಿಗೆ ಕೈಮುಗಿದಿತ್ತು. ಫೋಕ್ಸ್‌ವ್ಯಾಗನ್, ಸ್ಕೋಡಾದವರೂ ಅದೇ ಹೊತ್ತಿಗೆ ಸಣ್ಣ ಡೀಸೆಲ್ ಎಂಜಿನ್ ಕೈಬಿಟ್ಟಿದ್ದರು. ಉಳಿದದ್ದು ಕೊರಿಯಾದವರು, ಟಾಟಾ, ಮಹೀಂದ್ರ, ಜೊತೆಗೆ ಒಂದಿಬ್ಬರು. ಕ್ರೆಟಾ ನೋಡಿ ಸೆಲ್ಟೋಸ್ ನೋಡಿದರೆ, ಎರಡರೊಳಗೂ ಅದೇ ಒಂದೂವರೆ ಲೀಟರ್ ಡೀಸೆಲ್, ಅದೇ ಆರು ಗೇರಿನ ಆಟೋಮ್ಯಾಟಿಕ್. ಅಡುಗೆಮನೆ ಒಂದು, ಹೋಟೆಲ್ ಎರಡು. ಆದರೂ ಇದರ ಸಾಂಬಾರೇ ರುಚಿ, ಅದರದು ಸಪ್ಪೆ ಅಂತ ಆಫೀಸಿನಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ಹ್ಯಾರಿಯರ್ ಬಳಿ ಹೋದರೆ ಎಂಜಿನ್ನಿನ ಮೂಲ ಇಟಲಿ, ಗೇರ್‌ಬಾಕ್ಸ್ ಕೊರಿಯಾ, ತಳಪಾಯದ ವಂಶಾವಳಿ ಇಂಗ್ಲೆಂಡಿನ ಲ್ಯಾಂಡ್ ರೋವರ್, ಹುಟ್ಟಿದ್ದು ಪುಣೆ. ಅದೊಂದು ವಿಶ್ವಸಂಸ್ಥೆ, ವ್ಯತ್ಯಾಸವೆಂದರೆ ಇದು ಮುಂದಕ್ಕೆ ಚಲಿಸುತ್ತದೆ. ಎಕ್ಸ್‌ಯುವಿ 700 ಮತ್ತು ಸ್ಕಾರ್ಪಿಯೋ-ಎನ್ ಎದುರು ನಿಂತಾಗ ಅವುಗಳ ಬಾನೆಟ್ಟಿನ ಎತ್ತರಕ್ಕೆ ನಾನೇ ಸಣ್ಣವನಾದೆ. ಫ್ಯಾಮಿಲಿಗೆ ಇಂಥದ್ದೇ ಬೇಕು ಅಂತ ಮನಸ್ಸು ಕೂಗಿತು.

ಕೊನೆಗೆ ತಂದದ್ದು ಯಾವುದು ಅಂತ ಹೇಳುವುದಿಲ್ಲ. ಮುಂದೆ ಬರುವ ಕತೆ ಈ ಜಾತಿಯ ಎಲ್ಲ ಗಾಡಿಗಳಿಗೂ ಹೊಂದುತ್ತದೆ. ಒಂದನ್ನೇ ದೂರಿದರೆ ಉಳಿದವಕ್ಕೆ ಬೇಸರ.

ತರುವ ಮುಂಚೆ ಹೆಂಡತಿ ಒಂದು ಪ್ರಶ್ನೆ ಕೇಳಿದಳು. “ರೀ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಾ?”

ಹಳೇ ಕಾರಿನ ಮೀಟರ್ ನೋಡಿದೆ. ಹನ್ನೊಂದು ವರ್ಷಕ್ಕೆ 66,000. ವರ್ಷಕ್ಕೆ 6,000. ಅವಳು ಹಾಲಿನ ಲೆಕ್ಕದ ಪುಸ್ತಕ ತೆಗೆದುಕೊಂಡು ಕೂತಳು. ತೆರಿಗೆ ಸೇರಿ ಪೆಟ್ರೋಲ್ ಆಟೋಮ್ಯಾಟಿಕ್ಕಿಗಿಂತ ಡೀಸೆಲ್ ಆಟೋಮ್ಯಾಟಿಕ್ಕಿಗೆ ಸುಮಾರು ಎರಡು ಲಕ್ಷ ಜಾಸ್ತಿ. ಆಗ ಲೀಟರಿಗೆ ಪೆಟ್ರೋಲ್ 103, ಡೀಸೆಲ್ 91. ಮೊದಲನೆಯದು ಲೀಟರಿಗೆ 11 ಕಿಲೋಮೀಟರ್, ಎರಡನೆಯದು 15 ಅಂದುಕೊಂಡರೆ ಕಿಲೋಮೀಟರಿಗೆ ಉಳಿತಾಯ ಮೂರೂ ಕಾಲು ರೂಪಾಯಿ ಚಿಲ್ಲರೆ. ವರ್ಷಕ್ಕೆ ಇಪ್ಪತ್ತು ಸಾವಿರ. ಹೆಚ್ಚು ಕೊಟ್ಟ ಎರಡು ಲಕ್ಷ ವಾಪಸ್ ಬರಲು ಹತ್ತು ವರ್ಷ.

ಡೀಸೆಲ್ ಅಗ್ಗ ಎಂಬುದು ನಮ್ಮಪ್ಪನ ಕಾಲದ ಗಾದೆ. 2014ರ ಅಕ್ಟೋಬರಿನಲ್ಲಿ ಅದರ ಬೆಲೆಯನ್ನು ಪೇಟೆಗೆ ಬಿಟ್ಟರು; 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಮಾರಾಟ ತೆರಿಗೆ ಏರಿಸಿ ಲೀಟರಿಗೆ ಇನ್ನೆರಡು ರೂಪಾಯಿ ಸೇರಿಸಿತು. ಗಾದೆ ಮಾತ್ರ ಹಳೇ ಬೆಲೆಯಲ್ಲೇ ಉಳಿದಿದೆ. ಇನ್ನು ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ರಸ್ತೆಗಿಳಿಯಕೂಡದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಆ ಆದೇಶ ನಮ್ಮೂರಿಗಲ್ಲ. ಆದರೂ ನನ್ನ ಗಾಡಿ ಲಾಭದ ಮೊದಲ ರೂಪಾಯಿ ದುಡಿಯುವ ವಯಸ್ಸಿಗೆ ಅದರ ದೆಹಲಿಯ ಸೋದರರಿಗೆ ತಿಥಿಯ ಮಾತು ಶುರುವಾಗಿತ್ತು ಅನ್ನುವುದು ಮನಸ್ಸಿಗೆ ಚುಚ್ಚಿತು.

“ಊರಿಗೆ ಹೋಗೋವಾಗ ಬಾಡಿಗೆ ಇನ್ನೋವಾ ಮಾಡಿದ್ರೆ ಆಗಲ್ವಾ?” ಅಂದಳು.

“ಸೇಫ್ಟಿ,” ಅಂದೆ. ಲೆಕ್ಕದಲ್ಲಿ ಸೋತ ಗಂಡಸಿನ ಕೊನೆಯ ಅಸ್ತ್ರ ಇದು.

ಇನ್ನು ಬಿಲ್ಲಿನ ಮಾತು. ಶೋರೂಮ್ ಬೆಲೆ ಇಪ್ಪತ್ತು ಲಕ್ಷ ಅನ್ನಿ. ಅದರೊಳಗೆ ಶೇ. 40 ಜಿಎಸ್‌ಟಿ ಅಡಗಿದೆ; ಅಂದರೆ ಗಾಡಿಯ ನಿಜವಾದ ಕ್ರಯ 14.3 ಲಕ್ಷ, ತೆರಿಗೆ 5.7 ಲಕ್ಷ. ಆ ತೆರಿಗೆಯೂ ಸೇರಿದ ಮೊತ್ತದ ಮೇಲೆ ಕರ್ನಾಟಕದ ಆಜೀವ ತೆರಿಗೆ ಶೇ. 17, ಆ ತೆರಿಗೆಯ ಮೇಲೊಂದು ಸೆಸ್ಸು, ಅದು 3.8 ಲಕ್ಷದ ಹತ್ತಿರ. ಒಟ್ಟು ತೆರಿಗೆ ಒಂಬತ್ತೂವರೆ ಲಕ್ಷ. ಕೊಟ್ಟ ಹಣದಲ್ಲಿ ನೂರಕ್ಕೆ ನಲವತ್ತು. ಐದು ಸೀಟಿನ ಗಾಡಿಯಲ್ಲಿ ಎರಡು ಸೀಟು ಸರ್ಕಾರದ್ದು. ಟಿಕೆಟ್ ನಾವು ತೆಗೆಯುತ್ತೇವೆ, ಕಿಟಕಿ ಪಕ್ಕ ಅವರು ಕೂರುತ್ತಾರೆ. ಜಿಎಸ್‌ಟಿಯ ಹಳೇ ಸೆಸ್ ಲೆಕ್ಕದಲ್ಲಿ ಒಂದು ಗಾಡಿ ಎಸ್‌ಯುವಿ ಅನ್ನಿಸಿಕೊಳ್ಳಲು ಇದ್ದ ಲಕ್ಷಣಗಳಲ್ಲಿ ನೆಲದಿಂದ 170 ಮಿಲಿಮೀಟರ್ ಎತ್ತರವೂ ಒಂದು. ಆ ಎತ್ತರವನ್ನು ಐಷಾರಾಮ ಅಂದುಕೊಂಡವರು ನಮ್ಮ ಅಡ್ಡರಸ್ತೆಯ ಹಂಪುಗಳನ್ನು ನೋಡಿಲ್ಲ.

ಸೇಫ್ಟಿ ಅಂದೆನಲ್ಲ, ಅದರ ಕತೆಯೂ ಕೇಳಿ. 2023ರಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂತು. ಗಾಡಿಯನ್ನು ಗುದ್ದಿಸಿ ನಕ್ಷತ್ರ ಕೊಡುತ್ತಾರೆ. ಜಾತಕ ನೋಡುವಷ್ಟೇ ಭಕ್ತಿಯಿಂದ ನಾವು ಐದು ನಕ್ಷತ್ರ ನೋಡಿ ಕೊಳ್ಳುತ್ತೇವೆ. ಕೊಂಡ ಮೇಲೆ ಬೆಲ್ಟ್ ಹಾಕುವುದಿಲ್ಲ. ಅಲಾರಂ ಬಡಿದುಕೊಂಡರೆ ಅದರ ಬಾಯಿ ಮುಚ್ಚಿಸಲು ಸೀಟಿನ ಪಕ್ಕದ ತೂತಿಗೆ ಒಂದು ಸುಳ್ಳು ಕ್ಲಿಪ್ ಸಿಕ್ಕಿಸುತ್ತೇವೆ. ಆ ಕ್ಲಿಪ್ ಮಾರಬೇಡಿ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದೇ 2023ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಆದೇಶ ಹೊರಡಿಸಬೇಕಾಯಿತು. ನಮ್ಮ ಭಾವಮೈದುನನ ಗಾಡಿಗೆ ಐದು ನಕ್ಷತ್ರ, ಎರಡು ಕ್ಲಿಪ್. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳುತ್ತಾರೆ. “ಆರು ಏರ್‌ಬ್ಯಾಗ್ ಇದೆ ಬಿಡಿ ಭಾವ” ಅನ್ನುತ್ತಾನೆ.

ಗಾಡಿ ಬಂತು. ಶೋರೂಮಿನಲ್ಲಿ ಕೆಂಪು ಬಟ್ಟೆ ಸರಿಸಿ, ಆಳೆತ್ತರದ ರಟ್ಟಿನ ಕೀಲಿ ಕೊಟ್ಟು ಫೋಟೋ ತೆಗೆದರು. ದೇವಸ್ಥಾನದ ಮುಂದೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಪುಟ್ಟ ಕಾರಿಗೂ ನಾಲ್ಕೇ ಸಾಕಾಗಿತ್ತು. ಇಷ್ಟೆಲ್ಲದರ ನಡುವೆ ಬೆಲೆ ಏರದೆ ಉಳಿದ ಬಾಬತ್ತು ಅದೊಂದೇ. ಅಮ್ಮನಿಗೆ ಮೊದಲು ಹತ್ತುವ ಗೌರವ. ಅವರು ಬಾಗಿಲು ಹಿಡಿದು ಸೀಟಿನ ಎತ್ತರ ನೋಡಿ, “ಇದಕ್ಕೆ ಹತ್ತೋ ಬದ್ಲು ಶ್ರವಣಬೆಳಗೊಳದ ಬೆಟ್ಟನೇ ಹತ್ತಬಹುದಿತ್ತು. ಮೇಲೆ ಹೋದ್ರೆ ಗೊಮ್ಮಟನಾದ್ರೂ ಸಿಗ್ತಿದ್ದ,” ಅಂದರು. ಅಂದಿನಿಂದ ಇಪ್ಪತ್ತು ಲಕ್ಷದ ಗಾಡಿಯ ಡಿಕ್ಕಿಯಲ್ಲಿ ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲ್ ಖಾಯಂ. ಒಳಕ್ಕೆ ತೆರೆಯುತ್ತಿದ್ದ ಮನೆಯ ಗೇಟನ್ನು ಕಿತ್ತು ಸರಿಯುವ ಗೇಟ್ ಹಾಕಿಸಿದೆವು. ತುಳಸಿಕಟ್ಟೆ ಅರ್ಧ ಅಡಿ ಹಿಂದೆ ಸರಿಯಿತು. ಫ್ಯಾಮಿಲಿಗೆ ಗಾಡಿ ಹೊಂದಿಸಲು ಹೋಗಿ ಗಾಡಿಗೆ ಫ್ಯಾಮಿಲಿ ಹೊಂದಿಕೊಂಡಿತು.

ಆಮೇಲಿನದು ದಿನಚರಿ. ದಿನವೂ ಶಿರಾಡಿ ಘಾಟಿ ಇರುವುದಿಲ್ಲ, ಕೊತ್ತಂಬರಿ ಇರುತ್ತದೆ. ಅಂಗಡಿ ಅರ್ಧ ಕಿಲೋಮೀಟರ್. ಒಂದು ಕಟ್ಟು ಸೊಪ್ಪಿಗೆ ನೂರೈವತ್ತು ಕುದುರೆ ಕಟ್ಟಿಕೊಂಡು ಹೊರಡುತ್ತೇನೆ. ಎಂಜಿನ್ನಿನ ಮೈ ಬೆಚ್ಚಗಾಗುವಷ್ಟರಲ್ಲಿ ಅಂಗಡಿ ಬಂದಿರುತ್ತದೆ. “ಸಾರ್, ಗಾಡಿ ಸ್ವಲ್ಪ ಮುಂದಕ್ಕೆ ತಗೊಳ್ಳಿ, ಗಿರಾಕಿಗಳಿಗೆ ಅಂಗಡಿನೇ ಕಾಣ್ತಿಲ್ಲ,” ಅನ್ನುತ್ತಾನೆ ಸೊಪ್ಪಿನವನು.

ಮೂರನೇ ತಿಂಗಳು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿತು. ಸರ್ವೀಸ್ ಹುಡುಗ ಡಾಕ್ಟರನ ಗಾಂಭೀರ್ಯದಿಂದ ಕೇಳಿದ: “ಸರ್, ಸಿಟಿನಲ್ಲೇ ಓಡಿಸ್ತಿದೀರಾ?” ತಪ್ಪೊಪ್ಪಿಕೊಂಡೆ. ವಿಷಯ ಇಷ್ಟು. ಬಿಎಸ್-6 ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಜರಡಿ ಇರುತ್ತದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟುಹಾಕುತ್ತದೆ. ಅಷ್ಟು ಬಿಸಿ ಬರಬೇಕಾದರೆ ಗಾಡಿ ಒಂದೇ ಸಮನೆ ವೇಗವಾಗಿ ಇಪ್ಪತ್ತು ನಿಮಿಷ ಓಡಬೇಕು. ಕೊತ್ತಂಬರಿ ದಾರಿಯಲ್ಲಿ ಅದು ಸಾಧ್ಯವಿಲ್ಲ. ದೀಪವನ್ನು ಅಲಕ್ಷಿಸಿದರೆ ಎಂಜಿನ್ ಕುಂಟುತ್ತದೆ. ಇನ್ನೂ ಅಲಕ್ಷಿಸಿದರೆ ಜರಡಿಯನ್ನೇ ಬದಲಿಸಬೇಕು, ಆಗ ಮಾಲೀಕ ಕುಂಟುತ್ತಾನೆ.

ಜೊತೆಗೆ ಯೂರಿಯಾ ಬೇರೆ. ಆ್ಯಡ್‌ಬ್ಲೂ ಅಂತ ನೀಲಿ ಮುಚ್ಚಳದೊಳಗೆ ಸುರಿಯುವುದು ಶೇ. 32.5 ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. ಅದು ಮುಗಿದರೆ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹಾಸನದ ನಮ್ಮ ಚಿಕ್ಕಪ್ಪ ಮೆಕ್ಕೆಜೋಳಕ್ಕೆ ಇದೇ ಯೂರಿಯಾ ಬೇಕೆಂದು ಸೊಸೈಟಿ ಮುಂದೆ ಬೆಳಗಿನ ಜಾವ ಚಪ್ಪಲಿ ಸಾಲಿಗಿಟ್ಟು ಕಾಯುತ್ತಾರೆ. ನನ್ನ ಗಾಡಿ ಕ್ಯೂ ನಿಲ್ಲದೆ ಕುಡಿಯುತ್ತದೆ. ಮೆಕ್ಕೆಜೋಳವಾದರೂ ಹಳದಿ ತಿರುಗಿ ನಾಲ್ಕು ದಿನ ತಡೆಯುತ್ತದೆ. ಇದಕ್ಕೆ ಆ ಸಹನೆಯೂ ಇಲ್ಲ.

“ವಾರಕ್ಕೊಂದ್ಸಲ ಹೈವೇಗೆ ಕರ್ಕೊಂಡು ಹೋಗಿ ಸರ್,” ಅಂತ ಹುಡುಗ ಚೀಟಿ ಬರೆದುಕೊಟ್ಟ. ಗುಳಿಗೆಯಿಲ್ಲ, ಗಾಳಿ ಬದಲಾವಣೆ.

ಹಾಗಾಗಿ ಈಗ ಭಾನುವಾರ ಬೆಳಗ್ಗೆ ನಾವು ನಾಲ್ಕೂ ಜನ ಸ್ನಾನ ಮಾಡಿ, ಸ್ಟೂಲ್ ಇಟ್ಟು ಅಮ್ಮನನ್ನು ಹತ್ತಿಸಿ, ಮೈಸೂರು ಹೆದ್ದಾರಿ ಹಿಡಿಯುತ್ತೇವೆ. ಮೈಸೂರಿಗೆ ಹೋಗಲು ಅಲ್ಲ. ಟೋಲ್ ಕಟ್ಟಿ, ಎಂಬತ್ತರಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಹಿಂದಿರುಗಿ, ಮತ್ತೆ ಟೋಲ್ ಕಟ್ಟಿ ಮನೆಗೆ ಬರಲು. ಹಳೇ ರಸ್ತೆಯಾಗಿದ್ದರೆ ಬಿಡದಿಯ ತಟ್ಟೆ ಇಡ್ಲಿಯಾದರೂ ಸಿಗುತ್ತಿತ್ತು. 2023ರಲ್ಲಿ ಉದ್ಘಾಟನೆಯಾದ ಹೊಸ ರಸ್ತೆ ಇಡ್ಲಿಯನ್ನೂ ವಡೆಯನ್ನೂ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಸಿಕ್ಕರೂ ನಿಲ್ಲಿಸುವಂತಿಲ್ಲ. ಮಸಿ ಸುಡುತ್ತಿರುವಾಗ ಎಂಜಿನ್ ಆರಿಸಬಾರದು.

ಕಳೆದ ವಾರ ಮಗ, “ಅಪ್ಪಾ, ಅರ್ಜೆಂಟು, ಸುಸ್ಸು” ಅಂದ.

“ಸ್ವಲ್ಪ ತಡಿಯೋ, ಮೊದಲು ಗಾಡೀದು ಆಗಲಿ,” ಅಂದೆ.

ಹೆಂಡತಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಅವಳ ಬ್ಯಾಗಿನಲ್ಲಿ ಹಾಲಿನ ಲೆಕ್ಕದ ಪುಸ್ತಕ ಇತ್ತು. ಈಚೆಗೆ ಟೋಲ್ ಚೀಟಿಗಳನ್ನೂ ಅದರಲ್ಲೇ ಇಡುತ್ತಾಳೆ. ಕಣಿಮಿಣಿಕೆ ಟೋಲ್ ದಾಟಿ ಸ್ವಲ್ಪ ಹೊತ್ತಿಗೆ ಅಮ್ಮ ಕೇಳಿದರು: “ಎಲ್ಲಿಗೆ ಹೊರಟಿದೀವೋ?”

“ಎಲ್ಲಿಗೂ ಇಲ್ಲಮ್ಮ. ಗಾಡಿನ ಸ್ವಲ್ಪ ಓಡಾಡಿಸಿಕೊಂಡು ಬರೋಕೆ. ಇಲ್ಲದಿದ್ರೆ ಅದಕ್ಕೆ ಆರೋಗ್ಯ ಕೆಡುತ್ತೆ.”

ಅಮ್ಮ ಬೆಲ್ಟ್ ಸಡಿಲ ಮಾಡಿಕೊಂಡು ಒಂದು ನಿಮಿಷ ಯೋಚಿಸಿದರು.

“ನಾನೂ ಚಿಕ್ಕವಳಿದ್ದಾಗ ಹಸು ಹೊಡ್ಕೊಂಡು ಹಿಂಗೇ ಹೋಗ್ತಿದ್ದೆ ಕಣೋ, ಮೇಯಿಸೋಕೆ. ಅದು ಸಂಜೆಗೆ ಎರಡು ಸೇರು ಹಾಲಾದ್ರೂ ಕೊಡ್ತಿತ್ತು.”