ಐದಾರಲೆ ಮೂವತ್ತು

ಒಣಗಿಸುವ ವಿಷಯದಲ್ಲಿ ನಮ್ಮ ಮನೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಾಗರದ ಕಡೆಯ ಅಡಿಕೆ ಮನೆ. ಅಡಿಕೆ, ಕಾಳುಮೆಣಸು, ಹಲಸಿನ ಹಪ್ಪಳ, ಬಾಳಕದ ಮೆಣಸು, ಮುರುಗಲ ಸಿಪ್ಪೆ, ಹೀಗೆ ಅಂಗಳಕ್ಕೆ ಬಿದ್ದದ್ದೆಲ್ಲ ಒಣಗಿಯೇ ಒಳಗೆ ಬರುತ್ತದೆ. ಬ್ಯಾಂಕಿನ ಕುರ್ಚಿಯಲ್ಲಿ ಮೂವತ್ತೈದು ವರ್ಷ ಒಣಗಿ ಊರಿಗೆ ಬಂದ ನಾನೂ ಅದೇ ಸಾಲಿನವನು. ಅಂಥ ಮನೆಯ ಮಾನ ಹದಿನಾಲ್ಕು ಹಸಿ ಹಲಗೆಗಳ ಕೈಗೆ ಸಿಕ್ಕಿಬಿತ್ತು.

ಆಗಸ್ಟಿನ ಗಾಳಿಗೆ ಹಿತ್ತಲ ಹಲಸಿನ ಮರ ಮಗುಚಿ ಬಿದ್ದಿತ್ತು. ಅಜ್ಜ ನೆಟ್ಟದ್ದು, ಸೌದೆಗೆ ಕೊಡಲು ಮನಸ್ಸಾಗಲಿಲ್ಲ. ಜನವರಿಯಲ್ಲಿ ಮಿಲ್ಲಿಗೆ ಹಾಕಿ ಕೊಯ್ಸಿದೆ. ಒಂಬತ್ತಡಿ ಉದ್ದ, ಅಡಿ ಅಗಲ, ಒಂದೂವರೆ ಇಂಚು ದಪ್ಪ. ಆಗತಾನೇ ಕೊಯ್ದ ಹಲಸು ಅರಿಶಿನ ಬಳಿದ ಮದುಮಗಳ ಹಾಗಿರುತ್ತದೆ. ವರ್ಷ ಕಳೆದಂತೆ ಕಂದುತ್ತಾ ಹೋಗುತ್ತದೆ, ಅದು ಬೇರೆ ಮಾತು.

ಪಿಕಪ್ಪಿನವನು ಹಲಗೆಗಳನ್ನು ದಣಪೆಯ ಹತ್ತಿರ ಇಳಿಸಿ, “ಒಳಗೆ ಚಕ್ರ ಹೂಳ್ತದೆ” ಎಂದು ಹೇಳಿ ಹೋದ. ದಣಪೆಯಿಂದ ಕೊಟ್ಟಿಗೆಗೆ ಎಂಬತ್ತು ಹೆಜ್ಜೆ. ಎಣಿಸಿದ್ದು ನಾನೇ, ಇಪ್ಪತ್ತೆಂಟು ಸಲ. ರಜೆಗೆ ಬಂದಿದ್ದ ಅಣ್ಣನ ಮಗ ಒಂದು ತುದಿಗೆ, ನಾನು ಇನ್ನೊಂದು ತುದಿಗೆ. ಅವನದು ಆರಡಿ ದೇಹ, ನನ್ನದು ಐದೂಕಾಲು. ಅವನು ಹೆಗಲ ಮೇಲಿಟ್ಟುಕೊಂಡರೆ ಹಲಗೆ ಜಾರುಬಂಡೆಯಾಗಿ ಪೂರ್ತಿ ನನ್ನ ಮೇಲೆ ಬರುತ್ತಿತ್ತು. ಒಂದೊಂದೂ ಮೂವತ್ತು ಕಿಲೋ ಹತ್ತಿರ. ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬರೀ ನೀರು ಎಂದು ಆಮೇಲೆ ಲೆಕ್ಕ ಹಾಕಿದೆ. ಅಷ್ಟೂ ನೀರನ್ನು ಕೊಡಪಾನದಲ್ಲಿ ಹೊತ್ತಿದ್ದರೆ ನಡುವೆ ಕುಡಿಯಲಿಕ್ಕಾದರೂ ಆಗುತ್ತಿತ್ತು. ಕೊನೆಯ ಹಲಗೆ ಇಳಿಸುವ ಹೊತ್ತಿಗೆ ಬೆವರಿಗೆ ಮರದ ಹೊಟ್ಟು ಕಲೆತು ನನ್ನ ಬನಿಯನ್ನು ಹಳದಿಯಾಗಿತ್ತು. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚೇಗನ್ನು ಕುದಿಸಿ ಬಣ್ಣ ತೆಗೆಯುತ್ತಿದ್ದರಂತೆ ಎಂದು ಹೆಂಡತಿಗೆ ಹೇಳಿದೆ. “ಹಾಗಾದರೆ ಅರ್ಧ ದಾರಿ ಆಯಿತಲ್ಲ” ಎಂದಳು.

ನಾನು ಹಲಗೆಗಳನ್ನು ಅಂಗಳದಲ್ಲಿ, ಅಡಿಕೆಯ ಪಕ್ಕ, ಚೆಂದವಾಗಿ ಬಿಸಿಲಿಗೆ ಹರವಿದೆ. ಸಂಜೆ ಬಂದ ಆಚಾರ್ರು ನೋಡಿ ಎರಡೂ ಕೈ ತಲೆ ಮೇಲಿಟ್ಟುಕೊಂಡರು.

“ಹೆಗಡೇರೇ, ಎಂತ ಮಾಡಿದ್ರಿ! ಇದು ಅಡಿಕೆ ಅಲ್ಲ. ನೆರಳಲ್ಲಿ ಒಣಗ್ಬೇಕು.”

“ನೆರಳಲ್ಲಿ ಒಣಗೋದಕ್ಕೆ ಎಷ್ಟು ದಿನ?”

“ಇಂಚಿಗೆ ಒಂದು ವರ್ಷ.”

ಒಂದೂವರೆ ಇಂಚಿಗೆ ಒಂದೂವರೆ ವರ್ಷ! ನಾನು ತಗಾದೆ ತೆಗೆಯುವ ಮೊದಲೇ ಹೆಂಡತಿ ತಲೆಯಾಡಿಸಿದಳು. “ಸುಡುಬಿಸಿಲಿಗೆ ಹಾಕಿದ ಹಪ್ಪಳ ದೊನ್ನೆ ಆಗೋದಿಲ್ವಾ, ಹಾಗೆ.” ಆಚಾರ್ರು ಅವಳನ್ನು ಗೌರವದಿಂದ ನೋಡಿದರು. ಮೇಲ್ಮೈ ಬೇಗ ಒಣಗಿ ಬಿಗಿದುಕೊಳ್ಳುತ್ತದೆ, ಒಳಗೆ ಇನ್ನೂ ಹಸಿ; ಇಬ್ಬರ ಜಗಳದಲ್ಲಿ ಹಲಗೆ ಸೀಳುತ್ತದೆ. ಉದ್ದಕ್ಕೆ ಮರ ಕುಗ್ಗುವುದೇ ಇಲ್ಲ ಎನ್ನಬಹುದು. ಅಗಲಕ್ಕೆ ಕುಗ್ಗುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ; ವರ್ಷದುಂಗುರದ ಗುಂಟ ಕುಗ್ಗುವುದು ತಿರುಳಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಲಗೆ ದೊನ್ನೆಯಾಗುವುದು ಅದಕ್ಕೇ. ಇದನ್ನೆಲ್ಲ ನಾನು ಪುಸ್ತಕ ನೋಡಿ ತಿಳಿಯಬೇಕಾಯಿತು. ನೌಕರಿಯ ದಿನಗಳಲ್ಲಿ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಸಂಸ್ಥೆಯ ಗೋಡೆಯ ಪಕ್ಕದಲ್ಲೇ ಎಷ್ಟೋ ವರ್ಷ ಓಡಾಡಿದ್ದೆ. ಒಳಗೆ ಹೋಗಿ ಒಂದು ಮಾತು ಕೇಳುವ ಬುದ್ಧಿ ಬರಲಿಲ್ಲ.

ಮರುದಿನ ಪೇರಿಸುವ ಕೆಲಸ. ಕೊಟ್ಟಿಗೆಯ ಬಡಗು ಮಗ್ಗುಲಲ್ಲಿ, ಗಾಳಿಯಾಡುವ ಮಾಡಿನ ಕೆಳಗೆ, ನೆಲದಿಂದ ಒಂದೂವರೆ ಅಡಿ ಮೇಲೆ ಬರುವ ಹಾಗೆ ಚಿರೆಕಲ್ಲಿಟ್ಟು ಅಡ್ಡ ತೊಲೆ ಹಾಕಿದೆವು. ತುದಿಗಳಿಂದ ನೀರು ಓಡುವ ವೇಗ ಮೈಯಿಂದ ಓಡುವುದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ತುದಿ ಮುಚ್ಚಬೇಕು. ಆಚಾರ್ರು ಸಗಣಿ ಸಾಕು ಎಂದರು. ನಾನು ಗೇಟಿಗೆ ತಂದು ಉಳಿದಿದ್ದ ಹಸಿರು ಪೇಂಟು ಬಳಿದೆ. ಒಂದು ಸಾಲಿಗೆ ಎರಡು ಹಲಗೆ, ನಡುವೆ ಬೆರಳು ತೂರುವಷ್ಟು ಸಂದು. ಏಳು ಸಾಲು. ಸಾಲು ಸಾಲಿನ ನಡುವೆ ಅಡ್ಡಕ್ಕೆ ಒಂದಿಂಚಿನ ಒಣ ರೀಪು, ಎರಡಡಿ ಚಿಲ್ಲರೆಗೊಂದರಂತೆ ಐದು. ರೀಪಿನ ಮೇಲೆ ರೀಪು ನೇರ ಕೂರಬೇಕು. ಕಂಬದ ಮೇಲೆ ಕಂಬ ಬಂದ ಹಾಗೆ ಭಾರ ನೆಲಕ್ಕಿಳಿಯಬೇಕು. ಎಲ್ಲ ರೀಪೂ ಒಂದೇ ದಪ್ಪ ಇರಬೇಕು. ಈ ಕೊನೆಯ ಮಾತನ್ನು ಆಚಾರ್ರು ಮೂರು ಸಲ ಹೇಳಿ ಮನೆಗೆ ಹೋದರು.

ಏಳು ಸಾಲಿಗೆ ಆರು ಸಂದು, ಐದಾರಲೆ ಮೂವತ್ತು. ಬ್ಯಾಂಕಿನವನ ಲೆಕ್ಕ, ತಪ್ಪಲು ಸಾಧ್ಯವೇ ಇಲ್ಲ. ಆದರೆ ಅಟ್ಟದಿಂದ ಇಳಿಸಿದ್ದು ಇಪ್ಪತ್ತೆಂಟು. ಇನ್ನೆರಡನ್ನು ಕೊಯ್ಯೋಣವೆಂದರೆ ಊಟದ ಹೊತ್ತು. ಪಕ್ಕದಲ್ಲಿ ಅಡಿಕೆ ದಬ್ಬೆ ಬಿದ್ದಿತ್ತು. ಇಂಚಿಗೆ ತುಸು ಕಡಿಮೆ, ಅಷ್ಟೆ. ಮೇಲಿನ ಸಾಲಿನ ನಟ್ಟನಡುವೆ ಒಂದು, ಅದರ ಪಕ್ಕ ಒಂದು ದಬ್ಬೆ ತೂರಿಸಿ, ಕೊನೆಯ ಎರಡು ಹಲಗೆ ಹಾಸಿ, ಅಲುಗದಿರಲೆಂದು ಹಳೆಯ ಒರಳುಕಲ್ಲನ್ನೇ ನಡುಮಧ್ಯ ಕೂರಿಸಿದೆವು. ಒರಳು ಎತ್ತುವಾಗ ಅಣ್ಣನ ಮಗ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಆಮೇಲೆ ಕಾಯುವುದು. ಅಡಿ ಉದ್ದದ ಒಂದು ತುಂಡನ್ನು, ಅದಕ್ಕೂ ಹಸಿರು ತಲೆ ಬಳಿದು, ಬೇರೆ ಇಟ್ಟಿದ್ದೆ. ತಿಂಗಳ ಮೊದಲ ತಾರೀಕು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ ಬರೆಯುತ್ತಿದ್ದೆ. ಜನವರಿಯಲ್ಲಿ 3,180 ಗ್ರಾಂ. ಮೇ ತಿಂಗಳಿಗೆ 2,480. ಎಂಥ ಪ್ರಗತಿ! ಜುಲೈಯಲ್ಲಿ 2,490. ನಾನು ಕುಸಿದುಹೋದೆ. ಮಳೆಗಾಲದ ಗಾಳಿ ಕೊಟ್ಟ ನೀರನ್ನು ಮರ ಬೇಡ ಎನ್ನುವುದಿಲ್ಲ, ಅಟ್ಟದ ಮೇಲಿನ ಹಪ್ಪಳವೂ ಮೆತ್ತಗಾಗುವ ಕಾಲ ಅದು. ಆದರೆ ನನ್ನ ಹೆಂಡತಿ ಆ ಹತ್ತು ಗ್ರಾಂ ತನ್ನ ಕೈಗಂಟಿದ್ದ ಹಿಟ್ಟಿನದು ಎಂದು ಇವತ್ತಿಗೂ ಹೇಳುತ್ತಾಳೆ.

ಈ ನಡುವೆ ಪೇರಿ ಬೇರೆಯೇ ಸಂಸಾರ ಹೂಡಿತು. ಮೂರನೇ ಸಾಲಿನ ತುದಿಯಲ್ಲಿ ಓತಿಕ್ಯಾತ ಮನೆ ಮಾಡಿತು. ಬೆಕ್ಕು ತೊಲೆಗಳ ನಡುವೆ ಮರಿ ಹಾಕಿತು. ಸೊಂಟದೆತ್ತರ ಅನುಕೂಲವೆಂದು ಒರಳಿನ ಅಕ್ಕಪಕ್ಕ ಬಾಳಕದ ಮೆಣಸಿನ ಮೊರ ಬಂತು. ಬಂದ ನೆಂಟರದು ಒಂದೇ ಪ್ರಶ್ನೆ: ಇದರಲ್ಲಿ ಎಂತ ಮಾಡಿಸ್ತೀರಿ? ವೀಣೆಗೂ ಮೃದಂಗಕ್ಕೂ ಹಲಸೇ ಬೇಕು ಎಂದು ಕೇಳಿದ್ದ ಷಡ್ಡಕನೊಬ್ಬ ನನಗೆ ಸಂಗೀತದ ಹುಚ್ಚು ಹಿಡಿದಿದೆ ಎಂದು ಊರೆಲ್ಲ ಹೇಳಿಕೊಂಡು ಬಂದ.

ಎರಡನೇ ವರ್ಷ ದೀಪಾವಳಿ ಕಳೆದ ಮೇಲೆ ಆಚಾರ್ರು ಪೇರಿ ಬಿಚ್ಚಿದರು. ಒರಳು ಇಳಿಸಿ, ಮೇಲಿನ ಹಲಗೆಯ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಇನ್ನೊಂದು ಹಲಗೆ. ನಡುವೆ ಸಣ್ಣ ತಗ್ಗು, ಎರಡಕ್ಕೂ ಅಕ್ಕತಂಗಿಯರ ಹಾಗೆ ಒಂದೇ ಜಾಗದಲ್ಲಿ. ಅವರು ಮಾತಾಡಲಿಲ್ಲ. ಬಗ್ಗಿ, ದಬ್ಬೆಯನ್ನು ಎರಡು ಬೆರಳಲ್ಲಿ, ಸಾರಿನಲ್ಲಿ ಸಿಕ್ಕ ಕೂದಲನ್ನು ಎತ್ತುವ ಹಾಗೆ ಎತ್ತಿ ನನ್ನ ಕೈಗೆ ಕೊಟ್ಟರು. ಉಳಿದ ಹನ್ನೆರಡು ಹಲಗೆ ಬಾಣದ ಹಾಗಿದ್ದವು.

ತಗ್ಗಿದ ಎರಡನ್ನೂ ಜೋಡಿಸಿ ಜಗಲಿಗೆ ಉಯ್ಯಾಲೆ ಮಾಡಿದರು. ತೂಗುಹಾಕಿದ ದಿನವೇ ಷಡ್ಡಕ ಬಂದು ಕೂತು, “ಓಹೋ, ಕೂರಲಿಕ್ಕೆ ಎಷ್ಟು ಹಿತ! ಬೇಕಂತಲೇ ತಗ್ಗು ಬಿಟ್ಟಿದ್ದಲ್ವಾ ಆಚಾರ್ರೇ?” ಎಂದ.

ಆಚಾರ್ರು ನನ್ನ ಮುಖ ನೋಡಿದರು. ನಾನು ತೋಟದ ಕಡೆ ನೋಡಿದೆ.

“ಹೌದು, ಅದಕ್ಕೆ ಕೆಲಸ ಜಾಸ್ತಿ” ಎಂದವರೇ ಕೂಲಿಗೆ ಐನೂರು ಸೇರಿಸಿ ಹೇಳಿದರು. ಮರುಮಾತಾಡದೆ ಕೊಟ್ಟೆ.